ಕಾಲರ್ ಕ್ಯಾನ್ವಾಸಿನ ಒಂದು ಚೂರು

ಸಾಗರದ ಪೇಟೆಯಲ್ಲಿರುವ ನನ್ನ ಟೈಲರ್ ಅಂಗಡಿಗೆ ನೀವು ಬಂದರೆ, ಹೊಲಿಗೆ ಮಿಷಿನ್ನಿನ ಹಿಂದೆ ಗೋಡೆಯ ಮೊಳೆಗೆ ತೂಗುಬಿದ್ದಿರುವ ಒಂದು ಚೀಲ ಕಣ್ಣಿಗೆ ಬೀಳುತ್ತದೆ. ಅದು ಚೂರುಗಳ ಚೀಲ. ಮದುವೆಯ ಕೋಟಿನ ಅಂಚು, ಶಾಲೆಯ ಸಮವಸ್ತ್ರದ ನೀಲಿ, ಯಾರದೋ ರವಿಕೆಯ ತೋಳಿನಿಂದ ಉಳಿದ ಜರಿ, ಅಂಗಿಯ ಕಾಲರ್ ಗಟ್ಟಿ ನಿಲ್ಲಲೆಂದು ಒಳಗೆ ಇಡುವ ಕ್ಯಾನ್ವಾಸಿನ ತುಂಡು, ಹೀಗೆ ಊರಿನ ಅರ್ಧ ಜನರ ಮೈಯಳತೆಯಿಂದ ಮಿಕ್ಕಿದ್ದೆಲ್ಲ ಅದರೊಳಗೆ ಬಡವ ಬಲ್ಲಿದರೆಂಬ ಭೇದವಿಲ್ಲದೆ ಒಂದರ ಮೇಲೊಂದು ಮಲಗಿರುತ್ತದೆ. ನನಗೆ ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಹೇಳಿದ್ದರು, ಬಟ್ಟೆ ಕೆಡಿಸಿದರೆ ಕ್ಷಮಿಸುತ್ತೇನೆ, ಚೂರು ಎಸೆದರೆ ಕ್ಷಮಿಸುವುದಿಲ್ಲ ಎಂದು. ಆ ಮಾತನ್ನು ಮೂವತ್ತೈದು ವರ್ಷ ಪಾಲಿಸಿದೆ. ಮೀರಿದ್ದು ಒಂದೇ ಸಲ. ಅದನ್ನು ಹೇಳುವ ಮೊದಲು ಒಂದು ಕಾರಿನ ವಿಷಯ ಹೇಳಬೇಕು.

ಕಾರು ನನ್ನದಲ್ಲ, ನನ್ನ ಹೆಂಡತಿ ಶಾರದೆಯದು. ಅವಳು ಹೊಸನಗರ ತಾಲ್ಲೂಕಿನ ಹಳ್ಳಿಯೊಂದರ ಆರೋಗ್ಯ ಉಪಕೇಂದ್ರದಲ್ಲಿ ನರ್ಸ್ ಆಗಿದ್ದಳು. ಬಸ್ಸು ಹೋಗದ ಊರುಗಳಿಗೆ ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ನಡೆದು ನಡೆದು ಮೊಣಕಾಲು ಮುಷ್ಕರ ಹೂಡಿದ ಮೇಲೆ, ಯಾರೋ ಮಾರಲಿಟ್ಟಿದ್ದ ಬೂದು ಬಣ್ಣದ ಪುಟ್ಟ ಕಾರನ್ನು ತಂದು ಅಂಗಳದಲ್ಲಿ ನಿಲ್ಲಿಸಿ, ತಿಂಗಳೊಳಗೆ ಓಡಿಸುವುದನ್ನು ಕಲಿತುಬಿಟ್ಟಳು. ಅದು ಆಗಲೇ ಹಳೆಯ ಕಾರು. ಅವಳ ಕೈಯಲ್ಲಿ ಇನ್ನೂ ಹದಿನೆಂಟು ವರ್ಷ ಹಳೆಯದಾಯಿತು. ಎಂಜಿನ್ನೆಂದರೆ ಅವಳಿಗೆ ಇನ್ನೊಬ್ಬ ರೋಗಿ. ಬೆಳಗ್ಗೆ ಬಾನೆಟ್ ಎತ್ತಿ ಎಣ್ಣೆ ನೋಡಿ, ನೀರು ನೋಡಿ, ಅಲ್ಲಿಲ್ಲಿ ಕೈಯಿಟ್ಟು ಬಿಸಿ ನೋಡಿ, ನಾಲಿಗೆ ತೋರಿಸು ಎಂದು ಹೇಳುವುದೊಂದು ಬಾಕಿ. ನನ್ನ ಸ್ಥಾನ ಎಡಗಡೆಯ ಸೀಟು. ಭಾನುವಾರಗಳಲ್ಲಿ ಅಲ್ಲಿ ಕೂತು, ಬಾಗಿಲ ಮೇಲಿನ ಹಿಡಿಕೆಯನ್ನು ಎರಡು ಕೈಯಲ್ಲಿ ಹಿಡಿದು, ತಿರುವು ಬಂದಾಗಲೆಲ್ಲ "ನಿಧಾನ, ನಿಧಾನ" ಎನ್ನುವುದು ನನ್ನ ಉದ್ಯೋಗ. "ಬಾಯಿ ಮುಚ್ಕೊಂಡು ಕೂತ್ಕಳ್ರಿ, ಗಾಡಿ ಎಂತ ಹೇಳ್ತದೆ ಅಂತ ಕೇಳ್ಬೇಕು" ಎನ್ನುವುದು ಅವಳ ಉತ್ತರ. ಗಾಡಿ ಏನನ್ನೂ ಹೇಳುತ್ತಿಲ್ಲವೆಂದು ನನಗೆ ಖಾತ್ರಿಯಿತ್ತು.

ಕಳೆದ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅವಳಿಗೆ ಜ್ವರ ಬಂತು. ಊರವರ ಜ್ವರವನ್ನೆಲ್ಲ ಗಂಭೀರವಾಗಿ ತೆಗೆದುಕೊಂಡವಳು ತನ್ನದನ್ನು ಮಾತ್ರ ತಮಾಷೆಯಾಗಿ ತೆಗೆದುಕೊಂಡಳು. ಮೂರನೆಯ ವಾರಕ್ಕೆ ತಮಾಷೆ ಮುಗಿಯಿತು.

ಸೂತಕ ಕಳೆದ ಮೇಲೆ ನಮ್ಮಲ್ಲಿ ಮನೆಯನ್ನೆಲ್ಲ ತೊಳೆಯುತ್ತಾರೆ. ನೆಂಟರು ಪಾತ್ರೆ, ಹಾಸಿಗೆ, ಜಗಲಿ ಎಂದು ಒಂದೊಂದನ್ನು ಹಂಚಿಕೊಂಡರು. ಕಾರಿನ ಹತ್ತಿರ ಯಾರೂ ಹೋಗಲಿಲ್ಲ. ಅದನ್ನು ನಾನೇ ತೊಳೆದೆ. ಮೇಲಿನಿಂದ ತೊಳೆದದ್ದು ಸಾಲದೆ, ಅವಳು ದಿನಾ ಬಾನೆಟ್ ಎತ್ತುತ್ತಿದ್ದುದು ನೆನಪಾಗಿ ಅದನ್ನೂ ಎತ್ತಿ, ಒಳಗಿದ್ದ ತರಗೆಲೆ, ಇಲಿ ತಂದಿಟ್ಟ ಹತ್ತಿ, ಎಣ್ಣೆ ಮೆತ್ತಿದ ಚಿಂದಿ, ಕೊಳೆ, ಎಲ್ಲವನ್ನೂ ತೆಗೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಸಂದಿಗೊಂದಿಗಳನ್ನು ತಿಕ್ಕಿದೆ. ಅಷ್ಟು ಶುದ್ಧವಾದ ಎಂಜಿನ್ನು ಆ ದಿನ ಜಿಲ್ಲೆಯಲ್ಲಿ ಇನ್ನೊಂದು ಇದ್ದಿರಲಾರದು.

ಆಮೇಲೆ, ಐವತ್ತೇಳನೆಯ ವಯಸ್ಸಿನಲ್ಲಿ, ನಾನು ಡ್ರೈವಿಂಗ್ ಕಲಿತೆ. ವರ್ಷದ ಕಾರ್ಯಕ್ಕೆ ಅವಳ ತವರಾದ ತೀರ್ಥಹಳ್ಳಿಗೆ, ತುಂಗೆಯ ದಡಕ್ಕೆ, ಅವಳ ಕಾರಿನಲ್ಲೇ ನಾನೇ ಓಡಿಸಿಕೊಂಡು ಹೋಗಬೇಕೆಂದು ಮನಸ್ಸಿನಲ್ಲಿ ಕೂತಿತ್ತು. ಕಲಿಸಿದ ಹುಡುಗಿಗೆ ತಾಳ್ಮೆ ಬಹಳ. ಮೊದಲ ವಾರ ಅವಳು ಹೇಳಿದ್ದು ಒಂದೇ ಮಾತು: "ಅಂಕಲ್, ಕಾಲಡಿ ಇರೋದು ಹೊಲಿಗೆ ಮಿಷಿನ್ ಅಲ್ಲ, ಪೂರ್ತಿ ಹೊತ್ತು ತುಳೀತಾ ಇರ್ಬೇಡಿ." ಮೂವತ್ತೈದು ವರ್ಷ ಪೆಡಲ್ ತುಳಿದ ಕಾಲು ಒಂದೇ ವಾರದಲ್ಲಿ ಮಾತು ಕೇಳಲಿಲ್ಲ. ಲೈಸೆನ್ಸ್ ಹೇಗೆ ಬಂತೆಂಬುದು ನನಗೆ ಈಗಲೂ ಆಶ್ಚರ್ಯವೇ. ಪರೀಕ್ಷೆಗೆ ಬಂದಿದ್ದ ಅಧಿಕಾರಿ ನನ್ನ ಮುಖ ನೋಡಿ ಮರುಗಿದರೋ, ಮತ್ತೊಮ್ಮೆ ನನ್ನ ಪಕ್ಕದಲ್ಲಿ ಕೂರುವ ಧೈರ್ಯವಿರಲಿಲ್ಲವೋ ಕಾಣೆ.

ಹಾಗೆ ಓಡಿಸತೊಡಗಿದ ಎರಡನೆಯ ವಾರವೇ ಕಾರು ತಪ್ಪತೊಡಗಿತು. ಏರಿನಲ್ಲಿ ಸರಾಗವಾಗಿ ಹೋಗುತ್ತಿರುವಾಗ ಇದ್ದಕ್ಕಿದ್ದಂತೆ ಒಂದು ಹೆಜ್ಜೆ ಮರೆತವರ ಹಾಗೆ ಮುಗ್ಗರಿಸಿ, ಮುಂದಕ್ಕೊಮ್ಮೆ ತಲೆದೂಗಿ, ಮತ್ತೆ ಏನೂ ಆಗಿಯೇ ಇಲ್ಲವೆಂಬಂತೆ ಸಾಗುವುದು. ಗ್ಯಾರೇಜಿನವರು ಇದಕ್ಕೆ ಮಿಸ್ಸಿಂಗ್ ಎನ್ನುತ್ತಾರೆ. ಎಂಜಿನ್ನಿನಲ್ಲಿ ಮೂರು ಸಿಲಿಂಡರು, ಒಂದೊಂದಕ್ಕೆ ಒಂದೊಂದು ಪ್ಲಗ್ಗು, ಪ್ಲಗ್ಗಿಗೆ ದಪ್ಪ ವೈರಿನಲ್ಲಿ ಕಿಡಿಯ ಕರೆಂಟು ಬರುತ್ತದೆ. ಎಲ್ಲಾದರೂ ಒಂದು ಕಿಡಿ ತಪ್ಪಿದರೆ ಆ ಸಿಲಿಂಡರು ಸುಮ್ಮನಾಗಿ, ಉಳಿದೆರಡು ಅದರ ಪಾಲನ್ನೂ ಎಳೆಯಬೇಕು. ಇದೆಲ್ಲ ಆಮೇಲೆ ತಿಳಿದದ್ದು. ಆಗ ನಾನು ಎಣಿಸಿದ್ದು, ತಪ್ಪು ನನ್ನದೇ ಎಂದು. ಹದಿನೆಂಟು ವರ್ಷ ಒಬ್ಬಳ ಕಾಲಿಗೆ ಒಗ್ಗಿದ ಕಾರು ಬೇರೆಯವರ ಕಾಲು ಬಿದ್ದಾಗ ಮುನಿಯದೆ ಇರುತ್ತದೆಯೇ? ಕಾರು ಮುಗ್ಗರಿಸಿದಾಗಲೆಲ್ಲ ನಾನು ಎಡಗಡೆಯ ಖಾಲಿ ಸೀಟಿನತ್ತ ತಿರುಗಿ "ಬೇಜಾರು ಮಾಡ್ಕಬೇಡ" ಎನ್ನುತ್ತಿದ್ದೆ. ಒಂದು ದಿನ ಹಾಗೆ ಹೇಳುತ್ತಿರುವಾಗಲೇ ಹೊಳೆಯಿತು, ಆ ಸೀಟಿನಲ್ಲಿ ಶಾರದೆ ಒಂದು ದಿನವೂ ಕೂತವಳಲ್ಲ; ಅದು ನನ್ನ ಸೀಟು. ಇಷ್ಟು ದಿನ ನಾನು ಕ್ಷಮೆ ಕೇಳುತ್ತಿದ್ದುದು ನನ್ನನ್ನೇ. ನಗು ಬಂತು. ಸ್ವಲ್ಪ ದೂರ ಹೋದ ಮೇಲೆ ಕಾರು ನಿಲ್ಲಿಸಿ ಕಣ್ಣೊರೆಸಿಕೊಳ್ಳಬೇಕಾಯಿತು.

ಆರು ತಿಂಗಳ ತಿಥಿಗೆ ಶಾರದೆಯ ಅಣ್ಣ ತೀರ್ಥಹಳ್ಳಿಯಿಂದ ಬಂದರು. ನಾನು ಅವರನ್ನು ಭಾವ ಎನ್ನುತ್ತೇನೆ, ಅವರು ನನ್ನನ್ನು ಭಾವ ಎನ್ನುತ್ತಾರೆ. ನಮ್ಮಿಬ್ಬರ ಜಗಳ ಕೇಳುವವರಿಗೆ ಯಾರು ಯಾರನ್ನು ಬೈಯುತ್ತಿದ್ದಾರೆಂದು ತಿಳಿಯುವುದಿಲ್ಲ. ಅವರನ್ನು ಬಸ್ ಸ್ಟ್ಯಾಂಡಿನಿಂದ ಕರೆತರುವಾಗ ನಮ್ಮ ಬೀದಿಯ ಏರಿನಲ್ಲಿ ಕಾರು ನಾಲ್ಕು ಸಲ ಮುಗ್ಗರಿಸಿ, ಭಾವನ ಹಣೆ ಮುಂದಿನ ಗಾಜಿಗೆ ನಮಸ್ಕಾರ ಮಾಡಿತು.

"ಇದು ಕಾರಲ್ಲ ಭಾವ, ಬಿಕ್ಕಳಿಕೆ" ಎಂದರು ಅವರು ಇಳಿಯುತ್ತಲೇ. ಊಟವಾದ ಮೇಲೆ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಮತ್ತೆ ಶುರುಮಾಡಿದರು. "ಶಿವಮೊಗ್ಗದಲ್ಲಿ ಒಬ್ಬ ಗಿರಾಕಿ ಇದ್ದಾನೆ. ಹಳೇ ಗಾಡಿ ತಗಳ್ತಾನೆ. ಕೊಟ್ಬಿಡಿ."

"ಶಾರದೆಯದು" ಎಂದೆ ನಾನು.

"ಶಾರದಿ ನನಗೂ ತಂಗಿನೇ ಮಾರಾಯ್ರೆ. ಅವಳ ನೆನಪಿಗೆ ಫೋಟೊ ಇದೆ, ನೀವಿದ್ದೀರಿ. ಹೊಸನಗರ ದಾಟಿದ ಮೇಲೆ ಆ ಏರಿನಲ್ಲಿ ಹಿಂದೆ ಲಾರಿ ಬರ್ತಿರುವಾಗ ಇದು ಬಿಕ್ಕಿದ್ರೆ, ಗೋಡೆಗೆ ಇನ್ನೊಂದು ಫೋಟೊ ನಾನೇ ಹಾಕ್ಬೇಕಾಗ್ತದೆ." ಅವರ ದನಿ ಅಲ್ಲಿ ಸ್ವಲ್ಪ ಇಳಿಯಿತು. ಆಮೇಲೆ ಬೆರಳೆತ್ತಿ ಷರತ್ತು ಹಾಕಿದರು. "ನೋಡಿ ಭಾವ, ವರ್ಷದ ಕಾರ್ಯಕ್ಕೆ ಇದರಲ್ಲೇ ಬನ್ನಿ. ಸಾಗರದಿಂದ ನಮ್ಮನೆ ಬಾಗಿಲವರೆಗೆ ಒಂದು ಸಲನೂ ಬಿಕ್ಕದೆ ಬಂತೋ, ಗಾಡಿ ನಿಮ್ಮದು, ನಾನು ಬಾಯಿ ತೆಗಿಯಲ್ಲ. ಒಂದೇ ಒಂದು ಸಲ ಬಿಕ್ತೋ, ಕೀ ಆ ಗಿರಾಕಿ ಕೈಗೆ. ಬಿಕ್ತೋ ಇಲ್ವೋ ನೀವೇ ಹೇಳಿ, ನೀವು ಸುಳ್ಳು ಹೇಳೋರಲ್ಲ."

ನಾನು ಹ್ಞೂಂ ಎಂದುಬಿಟ್ಟೆ. ನನ್ನ ಮಾತಿನ ಮೇಲೆ ಅಷ್ಟು ನಂಬಿಕೆಯಿಡುವವರ ಜೊತೆ ಜಗಳವಾಡುವುದು ಕಷ್ಟ.

ಮಾರನೆಯ ದಿನವೇ ಕಾರನ್ನು ಸಾಗರದ ಗ್ಯಾರೇಜಿನ ರಘುವಿನ ಹತ್ತಿರ ಒಯ್ದೆ. ರಘು ಚುರುಕು, ಹೊಸ ಕಾರುಗಳ ಹೊಟ್ಟೆಗೆ ವೈರು ಚುಚ್ಚಿ ಫೋನಿನಲ್ಲಿ ರೋಗ ಓದುವವನು. ನಮ್ಮ ಕಾರಿಗೆ ಆ ವೈರು ಚುಚ್ಚಲು ಜಾಗವೇ ಇರಲಿಲ್ಲ. ಅವನು ಅದನ್ನು ತಾನೇ ಓಡಿಸಿ ಪೇಟೆಯನ್ನೆಲ್ಲ ಸುತ್ತಿಸಿ, ಏರು ಹತ್ತಿಸಿ, ಇಳಿಸಿ, ಬಂದು ಹೇಳಿದ: "ಎಂತ ಆಗಿಲ್ಲಣ್ಣ, ಕುದುರೆ ಹಂಗಿದೆ." ಡಾಕ್ಟರ ಬಾಗಿಲಲ್ಲಿ ಕೆಮ್ಮು ನಿಲ್ಲಿಸುವ ಮಗುವಿನ ಬುದ್ಧಿ ಕಾರಿಗೂ ಉಂಟೆಂದು ನನಗೆ ಅಂದು ಗೊತ್ತಾಯಿತು. ಆದರೂ ನನ್ನ ಮುಖ ನೋಡಿ ಪ್ಲಗ್ಗು ಬದಲಿಸಿದ. ಮಿಸ್ಸಿಂಗ್ ಹೋಗಲಿಲ್ಲ. ಪೆಟ್ರೋಲ್ ಫಿಲ್ಟರ್ ಬದಲಿಸಿದ. ಹೋಗಲಿಲ್ಲ. ಕಾರ್ಬೊರೇಟರ್ ಬಿಚ್ಚಿ ತೊಳೆದು ಕೂರಿಸಿದ. ಗ್ಯಾರೇಜಿನಿಂದ ಹೊರಟು ಮೊದಲ ಏರಿನಲ್ಲೇ ಕಾರು ಎರಡು ಸಲ ಮುಗ್ಗರಿಸಿ ತನ್ನ ಅಭಿಪ್ರಾಯ ತಿಳಿಸಿತು.

"ಯಾವಾಗ ಯಾವಾಗ ಆಗ್ತದೆ ಅಂತ ಬರ್ದಿಡಿ ಅಣ್ಣ" ಎಂದ ರಘು ಸೋತು. ನನ್ನಲ್ಲಿ ಬರೆಯಲು ಇದ್ದದ್ದು ಗಿರಾಕಿಗಳ ಅಳತೆ ಪುಸ್ತಕ. ಅದರಲ್ಲೇ ಒಂದು ಬದಿಯಲ್ಲಿ ಬರೆಯತೊಡಗಿದೆ: ಬೆಳಗ್ಗೆ, ಇಬ್ಬನಿ, ಜೋಗದ ರಸ್ತೆಯ ಏರು, ಎರಡು ಸಲ. ಮಧ್ಯಾಹ್ನ, ಬಿಸಿಲು, ಸಮತಟ್ಟು, ಇಲ್ಲ. ಸಂಜೆ, ಹೆಗ್ಗೋಡಿಗೆ ಹೋಗುವಾಗ, ಮೂರನೆಯ ಗೇರು, ಐದು ಸಲ. ಎರಡು ವಾರ ಬಿಟ್ಟು ಅದನ್ನು ರಘುವಿಗೆ ಕೊಟ್ಟೆ. ಅವನು ಬಹಳ ಹೊತ್ತು ಓದಿ, ಹುಬ್ಬು ಗಂಟಿಕ್ಕಿ, "ಇದರಲ್ಲಿ ಸೊಂಟ ನಲವತ್ನಾಕು ಅಂತ ಇದೆಯಲ್ಲಣ್ಣ, ಗಾಡಿದಾ?" ಎಂದು ಕೇಳಿದ.

ಇಷ್ಟರಲ್ಲಿ ಸುದ್ದಿ ಊರಿಗೆ ಹಬ್ಬಿತ್ತು. ಸಾವಿನ ಮನೆಗೆ ಬಂದಾಗ ಏನು ಮಾತಾಡಬೇಕೆಂದು ತಿಳಿಯದೆ ಒದ್ದಾಡಿದವರಿಗೆಲ್ಲ ಕಾರಿನ ಕಾಯಿಲೆ ಒಂದು ದೊಡ್ಡ ಉಪಕಾರ ಮಾಡಿತು. ನನ್ನ ದುಃಖದ ಬಗ್ಗೆ ಕೇಳಲಾರದವರು ಕಾರಿನ ಆರೋಗ್ಯ ವಿಚಾರಿಸಿದರು. ಪಕ್ಕದ ಬೇಕರಿಯವರು ಪೆಟ್ರೋಲಿನಲ್ಲಿ ನೀರಿದೆ ಎಂದರು. ಎದುರುಮನೆಯ ಅಜ್ಜಿ ದೃಷ್ಟಿಯಾಗಿದೆ ಎಂದರು. ಅವರ ಮಾತಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದೆ. ಬೇಕರಿಯವರ ಮಾತಿಗೆ ಪೆಟ್ರೋಲ್ ಬದಲಿಸಿದೆ. ಹೊಸನಗರದ ಕಡೆಗೆ ಹೋದರೆ ಇನ್ನೊಂದು ಫಜೀತಿ. ಅಲ್ಲಿಯ ಹಳ್ಳಿಗಳಲ್ಲಿ ಎಲ್ಲರಿಗೂ ಅದು ಸಿಸ್ಟರ್ ಕಾರು; ಕಂಡ ಕೂಡಲೇ ಕೈ ಅಡ್ಡ ಹಿಡಿದು, ಗಾಜಿನೊಳಗೆ ತಲೆ ತೂರಿಸಿ, ತೋಳು ಮುಂದೆ ಚಾಚಿ "ಬಿ.ಪಿ. ನೋಡಿ" ಎನ್ನುವರು. ನನ್ನ ಮುಖ ಕಂಡ ಮೇಲೆ ನಾಚಿಕೊಂಡು ತೋಳು ಹಿಂದೆ ಎಳೆದುಕೊಳ್ಳುವರು. ಒಬ್ಬ ಮುದುಕಿ ಮಾತ್ರ ಎಳೆದುಕೊಳ್ಳಲಿಲ್ಲ. "ನೀವು ಸಿಸ್ಟರ ಗಂಡ ಟೈಲರಲ್ದ? ಹಂಗಾದ್ರೆ ರವಿಕೆ ಅಳತೆನಾರೂ ತಗಳಿ, ಚಾಚಿದ ಕೈ ಹಂಗೇ ಹಿಂದೆ ತಗಬಾರ್ದು" ಎಂದಳು. ರಸ್ತೆಯ ಬದಿಯಲ್ಲಿ ಅಳತೆ ತೆಗೆದು ಬರೆದುಕೊಂಡೆ. ಅದೇ ಪುಟದಲ್ಲಿ, ಅದೇ ಏರಿನಲ್ಲಿ, ಮಿಸ್ಸಿಂಗ್ ಮೂರು ಸಲ ಎಂದೂ ಬರೆದೆ.

ಮಿಷಿನ್ನಿನ ಮುಂದೆ ಕೂತಾಗ ನಾನು ಇದನ್ನೇ ಯೋಚಿಸುತ್ತಿದ್ದೆ. ಹೊಲಿಗೆ ಮಿಷಿನ್ನಿಗೂ ಇಂಥದೇ ಒಂದು ರೋಗವಿದೆ. ಸಾಲಾಗಿ ಬೀಳುತ್ತಿರುವ ಹೊಲಿಗೆ ನಡುನಡುವೆ ಒಂದು ತಪ್ಪುತ್ತದೆ. ತೆಳ್ಳಗಿನ ಬಟ್ಟೆಯಲ್ಲಿ ತಪ್ಪುವುದಿಲ್ಲ, ಪ್ಯಾಂಟಿನ ನಾಲ್ಕು ಮಡಿಕೆ ಕೂಡುವ ಕಡೆ ತಪ್ಪುತ್ತದೆ. ಸೂಜಿ ಚೆನ್ನಾಗಿದೆ, ದಾರ ಚೆನ್ನಾಗಿದೆ, ಆದರೆ ಎಲ್ಲೋ ಒಂದು ಕಡೆ ಒಂದು ಕೂದಲೆಳೆಯಷ್ಟು ಸಡಿಲ. ಸುಮ್ಮನೆ ಚಕ್ರ ತಿರುಗಿಸಿ ನೋಡಿದರೆ ಅದು ಕಾಣುವುದಿಲ್ಲ. ಭಾರ ಬಿದ್ದಾಗ ಮಾತ್ರ ಕಾಣುತ್ತದೆ. ಮನುಷ್ಯರೂ ಹಾಗೆಯೇ ಇರಬೇಕು. ಶಾರದೆ ಹೋದ ದಿನ ನಾನು ಬಂದವರಿಗೆಲ್ಲ ಕಾಫಿ ಕೊಡಿಸಿದೆ, ಚಾಪೆ ಹಾಸಿಸಿದೆ, ಗುಂಡಿ ಕಿತ್ತ ಅಂಗಿಯಲ್ಲಿ ಬಂದಿದ್ದ ಯಾರಿಗೋ ಗುಂಡಿ ಕೂಡ ಹಾಕಿಕೊಟ್ಟೆ. ನಾಲ್ಕು ತಿಂಗಳ ಮೇಲೆ, ಅವಳ ಪೆಟ್ಟಿಗೆಯಲ್ಲಿ ನನ್ನ ಅಳತೆ ಟೇಪಿನ ತುಂಡಿನಿಂದ ಕಟ್ಟಿದ್ದ ಮಾತ್ರೆಗಳ ಕಟ್ಟು ಸಿಕ್ಕಾಗ, ಇಡೀ ಮಧ್ಯಾಹ್ನ ಅಂಗಡಿ ತೆರೆಯಲಾಗಲಿಲ್ಲ.

ವರ್ಷದ ಕಾರ್ಯಕ್ಕೆ ಎರಡು ವಾರ ಉಳಿದಾಗ ಬಾಬಣ್ಣ ಶೆಡ್ಡು ತೆರೆದ ಸುದ್ದಿ ಬಂತು. ಬಾಬಣ್ಣ ಹೊಸನಗರದ ಹಳೆಯ ಮೆಕ್ಯಾನಿಕ್ಕು. ಶಾರದೆಗೆ ತನ್ನ ಕೈಯಿಂದ ಆಗದ್ದು ಏನಾದರೂ ಬಂದರೆ ಅಲ್ಲಿಗೇ ಹೋಗುತ್ತಿದ್ದಳು. ಕಣ್ಣಿನ ಪೊರೆ ಬಲಿತು, ಒಂದಾದ ಮೇಲೊಂದು ಎರಡೂ ಕಣ್ಣಿಗೆ ಆಪರೇಶನ್ ಮಾಡಿಸಿಕೊಂಡು, ವರ್ಷದ ಬಹುಭಾಗ ಶೆಡ್ಡು ಮುಚ್ಚಿದ್ದರು. ನಾನು ಹೋದಾಗ ಕಪ್ಪು ಕನ್ನಡಕ ಹಾಕಿಕೊಂಡು, ಟೈರಿನ ಮೇಲೆ ಸಿನಿಮಾದ ಖಳನಾಯಕನಂತೆ ಕೂತಿದ್ದರು. ಕಾರನ್ನು ಅವರು ನೋಡಲಿಲ್ಲ, ಕೇಳಿದರು.

"ಸಿಸ್ಟರ್ ಗಾಡಿ" ಎಂದು ಎದ್ದು ನಿಂತರು. ಆಮೇಲೆ ಶಾರದೆ ಇಳಿಯುತ್ತಿದ್ದ ಬಲಗಡೆಯ ಬಾಗಿಲಿನಿಂದ ನಾನು ಇಳಿದದ್ದು ತಿಳಿದು, "ಬಂದ್ರಾ ಟೈಲರ್ರೆ" ಎಂದು ಮತ್ತೆ ಕೂತರು.

ನಾನು ಕಥೆಯನ್ನೆಲ್ಲ ಹೇಳಿದೆ. ಪ್ಲಗ್ಗು, ಫಿಲ್ಟರು, ಕಾರ್ಬೊರೇಟರು, ನಿಂಬೆಹಣ್ಣು, ಭಾವನ ಷರತ್ತು. ಕೊನೆಗೆ ನನಗೆ ತಿಳಿದ ಭಾಷೆಯಲ್ಲಿ, "ದಪ್ಪ ಮಡಿಕೆ ಬಂದಾಗ ಹೊಲಿಗೆ ತಪ್ಪುತ್ತದಲ್ಲ, ಹಾಗೆ" ಎಂದೆ.

"ಅಂದ್ರೆ ಲೋಡ್ ಬಿದ್ದಾಗ" ಎಂದರು ಬಾಬಣ್ಣ. "ರಘು ಓಡಿಸ್ದಾಗ ಆಗಿಲ್ಲ. ನೀವು ಓಡಿಸ್ದಾಗ ಮಾತ್ರ ಆಗ್ತದೆ."

"ಹೌದು."

"ಹಂಗಾದ್ರೆ ನೀವೇ ಓಡ್ಸಿ. ನಾನು ಕೂತ್ಕಳ್ತೀನಿ."

ಇಷ್ಟು ತಿಂಗಳಲ್ಲಿ ಒಬ್ಬರೂ ಈ ಮಾತು ಹೇಳಿರಲಿಲ್ಲ. ಎಲ್ಲರೂ ಕೀ ನನ್ನ ಕೈಯಿಂದ ತೆಗೆದುಕೊಂಡಿದ್ದರು. ಬಾಬಣ್ಣ ಎಡಗಡೆ ಕೂತರು. ನಾನು ನನ್ನ ಶೈಲಿಯಲ್ಲಿ, ಅಂದರೆ ಏರು ಬಂದರೂ ಗೇರು ಇಳಿಸುವ ಧೈರ್ಯವಿಲ್ಲದೆ ಮೂರನೆಯ ಗೇರಿನಲ್ಲೇ ಕಾರನ್ನು ಉಸಿರುಗಟ್ಟಿಸುತ್ತ, ಶೆಡ್ಡಿನ ಹಿಂದಿನ ಏರನ್ನು ಹತ್ತಿಸಿದೆ. ಕಾರು ಆರು ಸಲ ಮುಗ್ಗರಿಸಿತು. ನನಗೆ ಪರೀಕ್ಷೆಯಲ್ಲಿ ಪಾಸಾದಷ್ಟು ಸಂತೋಷವಾಯಿತು.

"ಹಿಂಗೆ ಓಡ್ಸಿದ್ರೆ ನಾನಾದ್ರೂ ಮಿಸ್ಸಿಂಗ್ ಹೊಡೀತಿದ್ದೆ" ಎಂದರು ಬಾಬಣ್ಣ. "ಚೆನ್ನಾಗಿ ಓಡ್ಸೋರು ಗೇರ್ ಇಳಿಸ್ತಾರೆ, ಎಂಜಿನ್ನಿಗೆ ಭಾರ ಬೀಳಲ್ಲ, ರೋಗ ಅಡಗಿ ಕೂತ್ಕಳ್ತದೆ. ನೀವು ಗಾಡಿನ ಹಿಂಡ್ತೀರಿ. ಹಿಂಡಿದಾಗ ಎಂಜಿನ್ ವಾಲ್ತದೆ. ವಾಲಿದಾಗ ಯಾವುದೋ ವೈರು ಎಲ್ಲೋ ತಾಗಿ ಕರೆಂಟ್ ಪ್ಲಗ್ಗಿಗೆ ಹೋಗ್ದೆ ಅರ್ತ್ ಆಗ್ತಿದೆ. ಈ ಬಿಸಿಲಲ್ಲಿ ಆ ಕಿಡಿ ಕಾಣಲ್ಲ. ಕತ್ತಲು ಮಾಡ್ಬೇಕು."

ಕತ್ತಲು ಮಾಡಲು ಅವರು ಶೆಡ್ಡಿನಿಂದ ಒಂದು ಕರಿ ಕಂಬಳಿ ತಂದರು. ಎತ್ತಿದ ಬಾನೆಟ್ಟಿನ ಮೇಲಿಂದ ಅದನ್ನು ಇಳಿಬಿಟ್ಟು, ಗಾಲಿಗಳಿಗೆ ದೊಡ್ಡ ಕಲ್ಲು ಕೊಟ್ಟು, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿ, "ನನ್ನ ಕಣ್ಣಿಗೆ ಇನ್ನೂ ಎಂತದೂ ಸಮ ಕಾಣಲ್ಲ. ಸೂಜಿಗೆ ದಾರ ಪೋಣಿಸೋ ಕಣ್ಣು ನಿಮ್ದು. ತಲೆ ಒಳಗೆ ಹಾಕಿ. ಫ್ಯಾನಿಗೆ ಕಂಬಳಿ ಕೊಡ್ಬೇಡಿ, ತಲೆನೂ ಕೊಡ್ಬೇಡಿ" ಎಂದು ಹೇಳಿ ತಾವು ಒಳಗೆ ಕೂತರು. ಹಾಡಹಗಲಿನಲ್ಲಿ, ರಸ್ತೆಯ ಬದಿಯಲ್ಲಿ, ಹಳೆಯ ಕಾಲದ ಫೋಟೊದವನ ಹಾಗೆ ನಾನು ಕಂಬಳಿಯೊಳಗೆ ತಲೆ ತೂರಿಸಿ ನಿಂತೆ. ಹೊರಗೆ ಯಾರೋ "ಎಂತ, ಟೈಲರಿಗೆ ಆವಿ ಕೊಡ್ತಿದ್ದೀರಾ?" ಎಂದು ಕೇಳಿದ್ದು, ಬಾಬಣ್ಣ "ಹೌದು, ಶೀತ ಆಗಿದೆ" ಎಂದದ್ದು ಕಿವಿಗೆ ಬಿತ್ತು.

ಒಳಗೆ ಎಣ್ಣೆಯ ವಾಸನೆ, ಬಿಸಿ, ಕಗ್ಗತ್ತಲು. ಬಾಬಣ್ಣ ಬ್ರೇಕು ತುಳಿದು, ಗೇರಿಗೆ ಹಾಕಿ, ಕ್ಲಚ್ಚನ್ನು ಮೆಲ್ಲಗೆ ಬಿಟ್ಟರು. ಎಂಜಿನ್ನು ನರಳಿ ಒಂದು ಬದಿಗೆ ವಾಲಿತು. ಆಗ ಕಂಡಿತು. ನಡುವಿನ ವೈರು ಒಂದು ಕಬ್ಬಿಣದ ಪಟ್ಟಿಯ ಅಂಚಿಗೆ ತಾಗಿದ ಕಡೆ, ಸೂಜಿಯ ಮೊನೆಯಷ್ಟು ನೀಲಿ ಕಿಡಿ, ಟಿಕ್ ಎಂದು. ಮತ್ತೆ ಟಿಕ್. ಇಷ್ಟು ತಿಂಗಳು ಊರೆಲ್ಲ ಹುಡುಕಿದ್ದು ಇದನ್ನೇ. ಎಷ್ಟು ಚಂದವಾಗಿತ್ತೆಂದರೆ, ಹೇಳುವುದನ್ನು ಮರೆತು ನೋಡುತ್ತ ನಿಂತುಬಿಟ್ಟೆ.

"ಸಿಕ್ತಾ?" ಎಂದು ಬಾಬಣ್ಣ ಕೂಗಿದರು.

"ಸಿಕ್ತು" ಎಂದೆ.

ಎಂಜಿನ್ನು ನಿಲ್ಲಿಸಿ ಕಂಬಳಿ ತೆಗೆದ ಮೇಲೆ ಬೆಳಕಿನಲ್ಲಿ ನೋಡಿದೆ. ವೈರಿನ ಅಡಿಬದಿ ಸವೆದು ಸಣ್ಣದೊಂದು ಗಾಯ. ಬಾಬಣ್ಣ ಅಲ್ಲಿ ಬೆರಳಾಡಿಸಿ, "ಇಲ್ಲಿ ಎಂತದೋ ಸುತ್ತಿತ್ತು ಟೈಲರ್ರೆ. ಇಷ್ಟಗಲ ಜಾಗ ನುಣ್ಣಗಿದೆ. ಪಟ್ಟಿ ಕಟ್ಟಿದಂಗೆ. ಅದು ಇದ್ದಷ್ಟು ದಿನ ವೈರು ಕಬ್ಬಿಣಕ್ಕೆ ತಾಗ್ತಿರ್ಲಿಲ್ಲ" ಎಂದರು. ನಾನು ಬಗ್ಗಿದೆ. ಕಬ್ಬಿಣದ ಪಟ್ಟಿಯ ತೂತಿನಲ್ಲಿ ಎಣ್ಣೆಗೆ ಅಂಟಿಕೊಂಡು ಒಂದು ಅಂಗುಲ ದಾರ ಉಳಿದಿತ್ತು. ಗಾರ್ಡುಗಳ ಸಮವಸ್ತ್ರಕ್ಕೆ ನಾನು ಬಳಸುವ ಖಾಕಿ ದಾರ. ಅದರ ತುದಿಯಲ್ಲಿ ಒಂದು ಗಂಟು: ಬಲದ ಮೇಲೆ ಎಡ, ಎಡದ ಮೇಲೆ ಬಲ. ನಾವು ಟೈಲರುಗಳು ಹಾಗೆ ಗಂಟು ಹಾಕುವುದಿಲ್ಲ; ಅದು ಗಾಯದ ಪಟ್ಟಿಗೆ ನರ್ಸುಗಳು ಹಾಕುವ ಗಂಟು. ಒಮ್ಮೆ ಅದಕ್ಕೆ ನಾನು ನಕ್ಕಾಗ ಶಾರದೆ ಹೇಳಿದ್ದಳು, "ನಿಮ್ಮ ಗಂಟು ಬಟ್ಟೆಗೆ, ನನ್ನ ಗಂಟು ಮನುಷ್ಯರಿಗೆ."

ಆಗ ಎಲ್ಲ ನೆನಪಾಯಿತು. ಅವಳು ಹೋಗುವ ಎರಡು ತಿಂಗಳ ಮೊದಲು, ಮದುವೆಯ ಸುಗ್ಗಿಯಲ್ಲಿ ನಾನು ರವಿಕೆಗಳ ರಾಶಿಯ ನಡುವೆ ಮುಳುಗಿದ್ದಾಗ, ಬಾಗಿಲಲ್ಲಿ ನಿಂತು ಅವಳು ಕೇಳಿದ್ದು: "ಕಾಲರ್ ಕ್ಯಾನ್ವಾಸ್ ಒಂದು ಚೂರು ಇದ್ರೆ ಕೊಡ್ರಿ." ನಾನು ತಲೆ ಎತ್ತಲಿಲ್ಲ. ಗಲ್ಲದಲ್ಲೇ ಚೀಲ ತೋರಿಸಿದೆ. ಯಾತಕ್ಕೆ ಎಂದು ಕೇಳಲಿಲ್ಲ. ಮತ್ತೆ, ಸೂತಕ ಕಳೆದ ದಿನ, ಬಾನೆಟ್ಟಿನೊಳಗೆ ಎಣ್ಣೆ ಮೆತ್ತಿ ಕರಿದಾದ ಚಿಂದಿಯೊಂದು ವೈರಿಗೆ ಸುತ್ತಿಕೊಂಡಿದ್ದನ್ನು ಕಂಡು, ಹೊಲಿಗೆಯಿಲ್ಲದ ಅದರ ಅಂಚು ನೋಡಿ ಅಸಹ್ಯಪಟ್ಟು, ನನ್ನದೇ ಕತ್ತರಿಯಿಂದ ಕತ್ತರಿಸಿ ತಿಪ್ಪೆಗೆ ಎಸೆದವನು ನಾನು. ಮೂವತ್ತೈದು ವರ್ಷದಲ್ಲಿ ಎಸೆದ ಒಂದೇ ಚೂರು ಅದು. ನನ್ನ ಅಂಗಡಿಯ ಚೂರು, ನನ್ನ ದಾರ, ಅವಳ ಗಂಟು.

"ಗಾಯಕ್ಕೆ ಕಟ್ಟಿದ ಪಟ್ಟಿನ ಗಾಯ ಮಾಯೋ ಮೊದ್ಲೇ ಬಿಚ್ಚಿದ್ರಿ" ಎಂದರು ಬಾಬಣ್ಣ ನಾನು ಹೇಳಿದ್ದನ್ನು ಕೇಳಿ. ಬೈಗುಳವಾಗಿ ಹೇಳಲಿಲ್ಲ. ಆಮೇಲೆ ಏನೋ ಹೊಳೆದವರಂತೆ ತಲೆ ಕೆರೆದುಕೊಂಡು, ಶೆಡ್ಡಿನೊಳಗೆ ಹೋಗಿ, ಬಹಳ ಹೊತ್ತು ಡಬ್ಬಿಗಳನ್ನು ಉರುಳಿಸಿ, ಧೂಳು ಹಿಡಿದ ಒಂದು ರಟ್ಟಿನ ಪೆಟ್ಟಿಗೆ ತಂದರು. ಅದರ ಮೇಲೆ ಸೀಮೆಸುಣ್ಣದಲ್ಲಿ ಅವರ ಅಕ್ಷರದಲ್ಲಿ ಸಿಸ್ಟರ್ ಎಂದು ಬರೆದಿತ್ತು. ಒಳಗೆ ಒಂದು ಸೆಟ್ಟು ಹೊಸ ಪ್ಲಗ್ ವೈರು.

"ಒಂದು ಸೆಟ್ ತರಿಸಿಡಿ ಬಾಬಣ್ಣ, ಮಳೆ ಹಿಡಿಯೋ ಮೊದ್ಲು ಬಂದು ಹಾಕಿಸ್ತೀನಿ ಅಂದಿದ್ರು. ಎಂತಕ್ಕೆ ಅಂತ ಹೇಳಿರ್ಲಿಲ್ಲ. ನಾನು ತರ್ಸಿಟ್ಟೆ. ಅವರು ಬರ್ಲಿಲ್ಲ. ನನ್ನ ಕಣ್ಣು ಹೋಯ್ತು. ಮರ್ತೇಬಿಟ್ಟಿದ್ದೆ ನೋಡಿ."

ಹಾಗಾದರೆ ರೋಗವನ್ನು ಅವಳು ಒಂದು ವರ್ಷದ ಹಿಂದೆಯೇ ಕಂಡುಹಿಡಿದು, ಪಟ್ಟಿ ಕಟ್ಟಿ, ಔಷಧಿ ಬರೆದು ಇಟ್ಟಿದ್ದಳು. ಅದು ಗೊತ್ತಿಲ್ಲದೆ ರಘು, ಬೇಕರಿಯವರು, ಅಜ್ಜಿ, ನಿಂಬೆಹಣ್ಣು, ನಾನು ಎಲ್ಲ ಸೇರಿ ವರ್ಷವಿಡೀ ತಪಾಸಣೆ ನಡೆಸಿದ್ದೆವು. ನಾನು ನಗತೊಡಗಿದೆ. ಬಾಬಣ್ಣನೂ ನಕ್ಕರು. ನಗುತ್ತ ನಗುತ್ತ ಅವರು ಕಪ್ಪು ಕನ್ನಡಕ ತೆಗೆದು ಒರೆಸಿಕೊಂಡರು, ಆಪರೇಶನ್ ಆದ ಕಣ್ಣಿಗೆ ನೀರು ತಾಗಬಾರದೆಂದು ಡಾಕ್ಟರು ಹೇಳಿದ್ದರೂ.

ಹೊಸ ವೈರು ಹಾಕಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಮಾರನೆಯ ವಾರ ನಾನು ಮತ್ತೆ ಹೋಗಿ, ಕ್ಯಾನ್ವಾಸಿನಲ್ಲಿ ಅಂಚು ಮಡಿಸಿ, ಎರಡು ಸಾಲು ಹೊಲಿಗೆ ಹಾಕಿ ಮಾಡಿದ ಒಂದು ಕವಚವನ್ನು ಆ ಜಾಗಕ್ಕೆ ಕಟ್ಟಬೇಕೆಂದೆ. ಬಾಬಣ್ಣ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಹೊಸ ವೈರಿಗೆ ಇದು ಬೇಡ. ಅಲ್ದೆ, ಎಂತಿದು, ಎಂಜಿನ್ನಿಗೆ ಲಂಗೋಟಿಯಾ?" ಎಂದರು. ಆದರೂ ಕಟ್ಟಲು ಬಿಟ್ಟರು. ಗಂಟನ್ನು ಅವಳ ರೀತಿಯಲ್ಲಿ ಹಾಕಲು ನೋಡಿದೆ. ಮೂರನೆಯ ಸಲಕ್ಕೆ ಬಂತು.

ವರ್ಷದ ಕಾರ್ಯದ ಹಿಂದಿನ ದಿನ ಬೆಳಗ್ಗೆ ಸಾಗರದಿಂದ ಹೊರಟೆ. ಹೊಸನಗರದವರೆಗೆ ಒಂದು ಸಲವೂ ತಪ್ಪಲಿಲ್ಲ. ಅಲ್ಲಿಂದ ಮುಂದೆ, ಭಾವ ಹೆದರಿದ್ದ ಏರಿನಲ್ಲಿ, ಹಿಂದೆ ನಿಜವಾಗಿಯೂ ಒಂದು ಲಾರಿ ಬರುತ್ತಿತ್ತು. ನಾನು ಗೇರು ಇಳಿಸಿದೆ. ಎಂಜಿನ್ನು ಒಂದೇ ದನಿಯಲ್ಲಿ ಹತ್ತಿತು. ನನ್ನ ಕಿವಿಯೆಲ್ಲ ಅದರ ಮೇಲೆಯೇ ಇತ್ತು. ಗಾಡಿ ಹೇಳುವುದೆಂದರೆ ಇದೇ ಎಂದು ಆಗ ತಿಳಿಯಿತು. ಹದಿನೆಂಟು ವರ್ಷ ಪಕ್ಕದಲ್ಲೇ ಕೂತು, ನನ್ನದೇ ಮಾತಿನ ಗದ್ದಲದಲ್ಲಿ ನಾನು ಕೇಳಿಸಿಕೊಳ್ಳದೆ ಹೋದ ಮಾತು. ತೀರ್ಥಹಳ್ಳಿಯ ಪೇಟೆ ದಾಟಿ ಭಾವನ ಮನೆಯ ಗೇಟಿನ ಮುಂದಿನ ಸಣ್ಣ ದಿಬ್ಬ ಹತ್ತುವಾಗ, ಅವರು ಜಗಲಿಯಲ್ಲಿ ಎದ್ದು ನಿಂತದ್ದನ್ನು ಕಂಡ ಗಾಬರಿಯಲ್ಲಿ ಕ್ಲಚ್ಚು ಬಿಟ್ಟುಬಿಟ್ಟೆ. ಕಾರು ಧಡಕ್ಕೆಂದು ಕುಕ್ಕರಿಸಿ ನಿಂತಿತು.

ಭಾವ ಇಳಿದು ಬಂದು ಗಾಜಿನ ಹತ್ತಿರ ಬಗ್ಗಿದರು. "ಇದು ಬಿಕ್ಕಿದ್ದಾ?"

"ಇದಲ್ಲ ಭಾವ. ಇದು ನಾನು."

ಅವರು ನನ್ನ ಮುಖವನ್ನೇ ನೋಡಿದರು. ಒಳಗೆ ಹೋಗಿ ಕೂತ ಮೇಲೆ ಚಿಂದಿ, ಗಂಟು, ರಟ್ಟಿನ ಪೆಟ್ಟಿಗೆ ಎಲ್ಲವನ್ನೂ ಹೇಳಿದೆ. "ಒಂದು ಚಿಂದಿಗೆ ವರ್ಷ ಪೂರ್ತಿ ಅಲೆದ್ರಾ ಮಾರಾಯ್ರೆ" ಎಂದರು. ಸೀಮೆಸುಣ್ಣದಲ್ಲಿ ಸಿಸ್ಟರ್ ಎಂದು ಬರೆದಿದ್ದ ಮಾತು ಬಂದಾಗ ಎದ್ದು ಅಂಗಳಕ್ಕೆ ಹೋದರು. ಅಲ್ಲಿಂದ ಫೋನಿನಲ್ಲಿ ಹೇಳುತ್ತಿದ್ದುದು ಕೇಳಿಸಿತು: "ಇಲ್ಲ ಮಾರಾಯ, ಆ ಗಾಡಿ ಕೊಡೋದಿಲ್ಲ. ಅದಕ್ಕೆ ಎಂತ ಆಗಿಲ್ಲ. ಡ್ರೈವರ್ ಸ್ವಲ್ಪ ಹಳೇದು, ಅಷ್ಟೇ."

ಮರುದಿನ ಬೆಳಗ್ಗೆ ತುಂಗೆಯ ದಡಕ್ಕೆ ಹೊರಟಾಗ ಭಾವ ಎಡಗಡೆಯ ಸೀಟಿನಲ್ಲಿ ಕೂತರು. ಮಡಿಲಲ್ಲಿ ಪಿಂಡದ ಬುಟ್ಟಿ. ಮೊದಲ ತಿರುವಿನಲ್ಲೇ ಒಂದು ಕೈ ಬುಟ್ಟಿ ಬಿಟ್ಟು ಬಾಗಿಲ ಮೇಲಿನ ಹಿಡಿಕೆ ಹಿಡಿಯಿತು. "ನಿಧಾನ ಭಾವ, ನಿಧಾನ" ಎಂದರು.

"ಬಾಯಿ ಮುಚ್ಕೊಂಡು ಕೂತ್ಕಳಿ ಭಾವ" ಎಂದೆ ನಾನು. "ಗಾಡಿ ಎಂತ ಹೇಳ್ತದೆ ಅಂತ ಕೇಳ್ಬೇಕು."

ಅವರು ನನ್ನತ್ತ ತಿರುಗಿದರು. ಅದು ಯಾರ ಮಾತೆಂದು ಅವರಿಗೂ ಗೊತ್ತಿತ್ತು. ಹಿಡಿಕೆ ಬಿಟ್ಟು, ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಹೊಳೆಯವರೆಗೆ ಗಾಡಿಗೆ ಕಿವಿಗೊಟ್ಟು ಕೂತರು.

ಈಗ ಚೀಲಕ್ಕೆ ಬರುತ್ತೇನೆ. ಅದು ಅದೇ ಮೊಳೆಗೆ ತೂಗುತ್ತಿದೆ. ಆ ಒಂದಂಗುಲ ಖಾಕಿ ದಾರವನ್ನು ಗಂಟು ಬಿಚ್ಚದೆ ಗುಂಡುಸೂಜಿಯ ಡಬ್ಬಿಯಲ್ಲಿ ಇಟ್ಟಿದ್ದೇನೆ. ಒಂದು ಅಭ್ಯಾಸ ಮಾತ್ರ ಹೊಸದು. ಮೊನ್ನೆ ನಮ್ಮ ಬೀದಿಯ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ಒಂದು ಚೂರು ಬಟ್ಟೆ ಕೇಳಿದಳು. ನಾನು ಮಿಷಿನ್ ನಿಲ್ಲಿಸಿ, ಕನ್ನಡಕ ತೆಗೆದು, ತಲೆ ಎತ್ತಿ "ಯಾತಕ್ಕೆ?" ಎಂದೆ. ಅವಳು ಬೆಚ್ಚಿಬಿದ್ದು, "ಕುಕ್ಕರ್ ಹಿಡಿಯೋಕೆ ಮಾರಾಯ್ರೆ. ಒಂದು ಚೂರು ಕೇಳಿದ್ರೆ ಪೊಲೀಸ್ ಸ್ಟೇಷನ್ ಹಂಗೆ ವಿಚಾರ್ಣೆ ಮಾಡ್ತೀರಲ್ಲ" ಎಂದಳು. ಕುಕ್ಕರ್ ಎಷ್ಟು ದೊಡ್ಡದು, ಹಿಡಿ ಒಂದೋ ಎರಡೋ ಎಂದು ಕೇಳಿ ತಿಳಿದುಕೊಂಡು, ಎರಡು ಪದರ ಮಾಡಿ, ಅಂಚು ಹೊಲಿದು ಕೊಟ್ಟೆ. ಚೂರಿಗೆ ಬಂದವಳು ಅರ್ಧ ಗಂಟೆ ಕಾದಳು. ನನ್ನ ಅಂಗಡಿಯಲ್ಲಿ ಈಗ ಎಲ್ಲರೂ ಕಾಯುತ್ತಾರೆ.